ಫಕೀರವ್ವನ ಮೈಗೆರೆ

ಒಂದು ಊರಿತ್ತಂತೆ. ಆ ಊರಿಗೆಲ್ಲ ಒಂದೇ ಬಾವಿ. ಒಂದು ಬೆಳಗ್ಗೆ ಜನ ಕೊಡ ಹಿಡಿದು ಹೋದರೆ ಬಾವಿಯ ಸುತ್ತ ಮುಳ್ಳು ಎದ್ದು ನಿಂತಿದೆ. ಅಂತಿಂಥ ಮುಳ್ಳಲ್ಲ, ನೆರಳು ಬಿದ್ದರೆ ಸಾಕು, ಸರಸರನೆ ಹರಿದುಬಂದು ಕಾಲಿಗೆ ಸುತ್ತುವ ಮುಳ್ಳು. ಆಗ ನಾಲ್ವರು ಹೊರಟರಂತೆ. ಒಬ್ಬರ ಕೈಯಲ್ಲಿ ಗುರಾಣಿ, ಒಬ್ಬರ ಹೆಗಲಲ್ಲಿ ಬಿಲ್ಲು, ಒಬ್ಬರ ಜೋಳಿಗೆಯಲ್ಲಿ ಗಾಯಕ್ಕೆ ಹಚ್ಚುವ ಬೇರು. ನಾಲ್ಕನೆಯವಳ ಮುಷ್ಟಿಯಲ್ಲಿ ಬೆಂಕಿ. ಮುಷ್ಟಿ ಬಿಚ್ಚಿದರೆ ಸುತ್ತ ಇಪ್ಪತ್ತು ಮಾರು ಉರಿ. ಮುಳ್ಳೂ ಬೂದಿ, ಮಗ್ಗುಲಲ್ಲಿ ನಿಂತ ಗೆಳತಿಯೂ ಬೂದಿ. ಬಾವಿಯ ಹಗ್ಗವನ್ನೋ ನಾಲ್ವರೂ ಸೇರಿ ಜಗ್ಗಬೇಕು. ಒಬ್ಬರು ಕಡಿಮೆಯಾದರೂ ನೀರು ಮೇಲೆ ಬರುವುದಿಲ್ಲ.

ಕಥೆಯನ್ನು ಅಲ್ಲಿಗೇ ನಿಲ್ಲಿಸಿ ನಾನು ಡಾಕ್ಟರ್ ಶಾಹೀನ ಕಿತ್ತೂರ ಅವರ ಕೈಗೆ ಕೊಟ್ಟಿದ್ದೆ. ಅಜ್ಜಿಯ ತೊಡೆಯ ಮೇಲೆ ಕೇಳಿದ ಕಥೆಗಳ ಧಾಟಿಯಲ್ಲಿ ಆಟಗಳಿಗೆ ಕಥೆ ಬರೆಯುವುದು ಅವರ ಪ್ರಯೋಗಶಾಲೆಯಲ್ಲಿ ನನ್ನ ಕೆಲಸ. ಮುಗಿಸುವ ಕೆಲಸ ಆಡುವವರದು.

ತಂಡ ಕಟ್ಟಿಕೊಂಡು ಆಡುವ ಆಟಗಳಲ್ಲಿ ಈ ಸಂಕಟ ಹಳೆಯದು. ಬೆಂಕಿಯ ಉಂಡೆ ಎಸೆದರೆ ಅದು ಬಿದ್ದ ಸುತ್ತಳತೆಯಲ್ಲಿ ಇರುವವರೆಲ್ಲ ಸುಡುತ್ತಾರೆ. ಅದಕ್ಕಾಗಿ ಆಡುವವರು ನೂರು ಉಪಾಯ ಕಲಿತಿರುತ್ತಾರೆ: ಮೊದಲು ನಮ್ಮವರನ್ನು ಹಿಂದಕ್ಕೆ ಕರೆಯುವುದು, ವೈರಿಯನ್ನು ಬಾಗಿಲ ಸಂದಿಗೆ ಎಳೆಯುವುದು, ಉರಿಯ ಅಂಚು ಗುರಾಣಿಯವಳ ಹಿಮ್ಮಡಿಗೆ ತಾಗದಂತೆ ಗುರಿ ಹಿಡಿಯುವುದು. ಇಷ್ಟೆಲ್ಲ ಬೇಡ ಎನ್ನುವವರಿಗೆ ಒಂದು ಗುಂಡಿ ಇರುತ್ತದೆ. ಒತ್ತಿದರೆ ಬೆಂಕಿ ನಮ್ಮವರಿಗೆ ತಾಗುವುದೇ ಇಲ್ಲ. ಡಾಕ್ಟರಿಗೆ ಆ ಗುಂಡಿ ಕಂಡರೆ ಆಗುತ್ತಿರಲಿಲ್ಲ.

"ನಮ್ಮವರು ಯಾರು ಅನ್ನೋದನ್ನ ಗುಂಡಿ ಯಾಕ ಹೇಳ್ಬೇಕು? ಮೈ ಹೇಳ್ಲಿ" ಎನ್ನುತ್ತಿದ್ದರು.

ಅವರು ಹೇಳುತ್ತಿದ್ದದ್ದು ಹೀಗೆ. ನಮ್ಮ ಮಿದುಳು ನಮ್ಮ ಮೈಯನ್ನಷ್ಟೇ ಅಲ್ಲ, ಮೈ ಸುತ್ತಲಿನ ಗೇಣುದ್ದ ಜಾಗವನ್ನೂ ತನ್ನದೆಂದು ಬರೆದಿಟ್ಟುಕೊಂಡಿರುತ್ತದೆ. ನೊಣ ಮುಖಕ್ಕೆ ಬರುವ ಮೊದಲೇ ರೆಪ್ಪೆ ಮುಚ್ಚುವುದು ಅದಕ್ಕೇ. ಈ ಗೆರೆ ಬೆಳೆಯುತ್ತದೆ ಕೂಡ. ಸೊಂಟದ ಮೇಲೆ ಕೊಡ ಹೊತ್ತವಳು ಸಣ್ಣ ಬಾಗಿಲಲ್ಲಿ ನುಸುಳುವಾಗ ಕೊಡ ತಾಗುವುದಿಲ್ಲ. ಆ ಹೊತ್ತಿಗೆ ಕೊಡವೂ ಅವಳ ಮೈ. ಮಗುವನ್ನು ಎತ್ತಿಕೊಂಡ ತಾಯಿ ಮಗುವಿನ ತಲೆಗೆಂದು ತಾನು ಬಗ್ಗುತ್ತಾಳೆ. ಡಾಕ್ಟರು ಇದಕ್ಕೆ ಮೈಗೆರೆ ಎಂದು ಹೆಸರಿಟ್ಟಿದ್ದರು. ಅದನ್ನು ಓದುವ ಒಂದು ಮೆತ್ತನೆಯ ತಲೆಪಟ್ಟಿಯನ್ನೂ ಮಾಡಿದ್ದರು. ಆಟದೊಳಗೆ ಬೆಂಕಿ ಬಿಟ್ಟವರ ಮೈಗೆರೆ ಯಾರ ಯಾರನ್ನು ಒಳಗೆ ತೆಗೆದುಕೊಂಡಿದೆಯೋ ಅವರಿಗೆ ಉರಿ ದಾರಿ ಬಿಡಬೇಕು. ಆದರೆ ಎರಡು ವರ್ಷ ಎಂಥೆಂಥ ಆಟಗಾರರು ಬಂದು ಹೋದರೂ ಒಬ್ಬ ಗೆಳೆಯನ ಅರ್ಧ ತೋಳು ಉಳಿದದ್ದೇ ನಮ್ಮ ದೊಡ್ಡ ಸಾಧನೆಯಾಗಿತ್ತು.

ಪ್ರಯೋಗಶಾಲೆ ಇದ್ದದ್ದು ಗದಗಿನ ಒಂದು ಹಳೆಯ ಹತ್ತಿ ಗಿರಣಿಯಲ್ಲಿ. ಎದುರಿಗೇ ಫಕೀರವ್ವನ ಖಾನಾವಳಿ. ಊರ ಮನೆಗಳಿಗೆಲ್ಲ ಉರಿಯಿಲ್ಲದ ಒಲೆ ಬಂದು ಎಷ್ಟೋ ವರ್ಷವಾಗಿದ್ದರೂ ಅಲ್ಲಿ ಮಾತ್ರ ಕಟ್ಟಿಗೆಯ ಒಲೆ ಉರಿಯುತ್ತಿತ್ತು. ಜೋಳದ ರೊಟ್ಟಿ ಕೆಂಡದ ಮಗ್ಗುಲಿಗೆ ನಿಂತು ಉಬ್ಬಿದರೇ ರೊಟ್ಟಿ ಎನ್ನುವವರು ಇನ್ನೂ ಉಳಿದಿದ್ದರು. ನಾವೆಲ್ಲ ಮಧ್ಯಾಹ್ನ ಉಣ್ಣುತ್ತಿದ್ದದ್ದು ಅಲ್ಲೇ.

ಆ ಅಡುಗೆಮನೆಯ ನಡವಳಿಕೆಯೇ ಬೇರೆ. ಒಲೆ ಹೊತ್ತಿಸುವ ಮೊದಲು ಫಕೀರವ್ವ, "ಎಲ್ಲಾರೂ ಹೊರಗ ನಡೀರಿ" ಎಂದು ಕೂಗುತ್ತಿದ್ದಳು. ಬೆಕ್ಕನ್ನೂ ಹೊರಹಾಕಿ ಬಾಗಿಲು ಮುಚ್ಚುತ್ತಿದ್ದಳು. ತಂಗಿ ನೀಲವ್ವ ಹೊರಗಿನ ಕಟ್ಟೆಯ ಮೇಲೆ ಕೂತು ರೊಟ್ಟಿ ಬಡಿದು, ಹಲಗೆಯ ಸಮೇತ ಗೋಡೆಯ ಕಿಂಡಿಯಲ್ಲಿ ಒಳಗೆ ಸರಿಸುತ್ತಿದ್ದಳು. ಬೆಂದ ರೊಟ್ಟಿ ಅದೇ ಕಿಂಡಿಯಲ್ಲಿ ಹೊರಗೆ ಬರುತ್ತಿತ್ತು. ಬಡಿಸುವ ಮಾಬುಸಾಬ ಕಾಕಾ ಎಡತೋಳಿನ ಮೇಲೆ ಆರು ತಾಟು ಸಾಲಾಗಿ ಹೊತ್ತು ಓಡಾಡುತ್ತಿದ್ದ.

ಕಾರಣ ಓಣಿಗೆಲ್ಲ ಗೊತ್ತಿತ್ತು. ಆರು ವರ್ಷದ ಹಿಂದೆ ಮಿರ್ಚಿಗೆಂದು ಕಾಯಿಸಿದ ಎಣ್ಣೆಗೆ ಉರಿ ಹತ್ತಿತ್ತು. ಫಕೀರವ್ವ ಗಾಬರಿಯಲ್ಲಿ ಒಂದು ತಂಬಿಗೆ ನೀರು ಎರಚಿಬಿಟ್ಟಳು. ಉರಿವ ಎಣ್ಣೆಗೆ ನೀರು ಬಿದ್ದರೆ ಏನಾಗುತ್ತದೆ ಎನ್ನುವುದು ಬಲ್ಲವರಿಗೆ ಗೊತ್ತು: ಬೆಂಕಿ ಹೂವಿನಂತೆ ಅರಳಿ ಮಾಡು ಮುಟ್ಟಿತು. ಮಗ್ಗುಲಲ್ಲಿ ನಿಂತಿದ್ದ ನೀಲವ್ವನ ಬಲಗೈ, ಕುತ್ತಿಗೆ ಸುಟ್ಟವು. ಫಕೀರವ್ವನ ಒಂದು ಕೂದಲೂ ಸುಡಲಿಲ್ಲ. ಆಸ್ಪತ್ರೆಯಲ್ಲಿ ನೀಲವ್ವ ಏನೂ ಸೇರದೆ ಮಲಗಿದ್ದಾಗ ಅಕ್ಕ ಮಾತು ಕೊಟ್ಟಿದ್ದಳಂತೆ: "ಮನಿಗೆ ಬಾ. ನನ್ನ ಬಾಜೂಕ ಕುಂದರಿಸಿಕೊಂಡು, ಹಂಚಿನ ಮ್ಯಾಲಿಂದ ಸೀದಾ ನಿನ್ನ ಕೈಯಾಗ ರೊಟ್ಟಿ ಹಾಕ್ತೇನಿ."

ಆ ರೊಟ್ಟಿ ಇನ್ನೂ ನೀಲವ್ವನ ಕೈಗೆ ಬಂದಿರಲಿಲ್ಲ.

"ಯುಗಾದಿ ಆದ ಮರುದಿನ ನಾ ಸಾಂಗ್ಲಿಗೆ ಹೊಂಟೇನಿ" ಎಂದಳು ನೀಲವ್ವ ಒಂದು ಮಧ್ಯಾಹ್ನ, ಕಿಂಡಿಯೊಳಗೆ ಬಾಯಿಟ್ಟು. "ಚಿಕ್ಕವ್ವನ ಮೆಸ್ಸಿನಾಗ ನನ್ನ ಒಲಿ ಮುಂದಿಂದ ಎಬ್ಬಸವ್ರು ಯಾರೂ ಇಲ್ಲ."

"ಸುಮ್ಮ ಬಡೀ, ಹಿಟ್ಟು ಆರ್ತೈತಿ" ಎಂದಿತು ಕಿಂಡಿ.

"ಚ್ಯಾಷ್ಟಿ ಅಲ್ಲಕ್ಕಾ. ಆರು ವರ್ಷ ಆತು, ಗ್ವಾಡಿ ಜೋಡಿ ಸಂಸಾರ ಮಾಡಾಕತ್ತೇನಿ."

ಕಿಂಡಿಯಿಂದ ಬೆಂದ ರೊಟ್ಟಿಯೊಂದು ಹೊರಗೆ ಬಂತು. ನೀಲವ್ವ ನನ್ನ ಕಡೆ ತಿರುಗಿದಳು. "ಕಸ್ತೂರಿ, ನಿಮ್ಮ ಆಟದಾಗ ಬೆಂಕಿ ಐತೆಂತಲ್ಲ. ಇಕಿನ್ನ ಅದರಾಗ ಕುಂದರಸ್ರಿ. ಖರೇ ಒಲಿ ಮುಂದ ಆಗಲಿಲ್ಲ, ಸುಳ್ಳ ಬೆಂಕಿ ಮುಂದರ ನನ್ನ ಜೋಡಿ ನಿಂದರ್ತಾಳೇನ ನೋಡೂಣು."

ಹಾಗೆ ಆ ನಾಲ್ವರು ಹುಟ್ಟಿದರು. ಗುರಾಣಿ ನೀಲವ್ವನಿಗೆ, ಬಿಲ್ಲು ಮಾಬುಸಾಬ ಕಾಕಾನಿಗೆ. ಬೇರಿನ ಜೋಳಿಗೆಗೆ ಜನ ಸಿಗದೆ ನನಗೆ. ಬೆಂಕಿ ಯಾರಿಗೆ ಎನ್ನುವುದನ್ನು ತಲೆಪಟ್ಟಿಯೇ ಹೇಳುತ್ತಿತ್ತು. ಯಾರ ಮೈಗೆರೆ ಅಗಲವೋ ಅವರಿಗೆ. ಫಕೀರವ್ವನ ಹಣೆಗೆ ಪಟ್ಟಿ ಕಟ್ಟಿದಾಗ ಯಂತ್ರದ ಅಂಕಿ ಏರುತ್ತಲೇ ಹೋಯಿತು. ಎಂಜಿನಿಯರ್ ಪ್ರಲ್ಹಾದ ಪಟ್ಟಿಯನ್ನು ಎರಡು ಸಲ ಬಿಚ್ಚಿ ಕಟ್ಟಿದ. ಅಂಕಿ ಇಳಿಯಲಿಲ್ಲ.

"ನನಗ ಬ್ಯಾಡ. ಬೇಕಾದ್ರ ಮುಸುರಿ ತಿಕ್ಕೋ ಕೆಲಸ ಕೊಡ್ರಿ ಆಟದಾಗ" ಎಂದಳು ಫಕೀರವ್ವ.

"ಅಲ್ಲೂ ಮುಸುರಿ ಏನ್ ಯವ್ವಾ?" ಎಂದ ಕಾಕಾ.

ಆಟದ ಕನ್ನಡಕ ಹಾಕಿದೆವು. ಗಿರಣಿಯ ಗೋಡೆ ಕರಗಿ ನಾನೇ ಬರೆದ ಬಯಲು ಎದ್ದುಬಂತು. ನಾವು ತೊಟ್ಟ ಅಂಗಿ ಮುಳ್ಳು ಸುತ್ತಿದರೆ ಬಿಗಿಯುತ್ತಿತ್ತು, ಉರಿ ತಾಗಿದರೆ ಬೆಚ್ಚಗಾಗುತ್ತಿತ್ತು, ಅಷ್ಟೇ. ಆದರೂ ಫಕೀರವ್ವ ಮುಷ್ಟಿಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.

"ಹಿಂದ ಸರೀರಿ. ಇನ್ನೂ ಹಿಂದ. ಇನ್ನೂ."

"ಇನ್ನ ಸರದ್ರ ಹುಬ್ಬಳ್ಳಿ ಬರ್ತೈತಿ" ಎಂದ ಕಾಕಾ. ಅವನು ಬಿಟ್ಟ ಬಾಣ ಹೋಗಿ ನೀಲವ್ವನ ಬೆನ್ನಿಗೆ ಬಡಿಯಿತು.

"ಕಾಕಾ! ವೈರಿ ಆ ಕಡಿ ಅದಾನ!"

ನಾವು ಹಿಂದೆ ಸರಿದಾಗ ಮುಳ್ಳು ಒಬ್ಬಂಟಿ ಫಕೀರವ್ವನನ್ನು ಸುತ್ತಿತು. ನಾವು ಹತ್ತಿರ ಹೋದಾಗ ಅವಳು ಮುಷ್ಟಿ ಬಿಚ್ಚಲಿಲ್ಲ. ಹೀಗೆ ಐದು ಸಲ ಸೋತೆವು. ಆರನೆಯ ಸಲ ಮುಳ್ಳು ಗುರಾಣಿಯ ಕೆಳಗೆ ನುಗ್ಗಿ ನೀಲವ್ವನನ್ನು ಕುತ್ತಿಗೆಯ ತನಕ ಸುತ್ತಿತು. "ಅಕ್ಕಾ!" ಎಂದು ಅವಳು ಕೂಗಿದ್ದೇ ತಡ, ಫಕೀರವ್ವನ ಮುಷ್ಟಿ ತಾನಾಗಿ ಬಿಚ್ಚಿತು.

ಆಮೇಲೆ ಕಂಡದ್ದನ್ನು ನಾನು ಹತ್ತು ಸಲ ಬರೆದು ಹರಿದಿದ್ದೇನೆ. ಉರಿ ಬಂತು. ಬಯಲಿನ ತುಂಬ ಬಂತು. ನನ್ನೆದೆಯ ಹತ್ತಿರ ಬಂದು, ಹೊಳೆಯ ನೀರು ಬಂಡೆಗೆ ಕವಲೊಡೆದಂತೆ ಎರಡಾಯಿತು. ನನ್ನ ಎರಡೂ ಕಿವಿಯ ಪಕ್ಕ ಬೆಂಕಿ ಹರಿಯುತ್ತಿದೆ, ಅಂಗಿ ತಣ್ಣಗಿದೆ. ಆಚೆ ಕಾಕಾನ ಸುತ್ತ ಒಂದು ಖಾಲಿ, ಅವನ ಗಡ್ಡದ ಒಂದೊಂದು ಎಳೆಗೂ ಜಾಗ ಬಿಟ್ಟ ಖಾಲಿ. ನೀಲವ್ವನ ಮೇಲಿದ್ದ ಮುಳ್ಳು ಅವಳ ಚರ್ಮದಿಂದ ಕೂದಲೆಳೆಯಷ್ಟು ಆಚೆ ಸುಟ್ಟು ಉದುರುತ್ತಿತ್ತು. ಎರಡು ವರ್ಷದಲ್ಲಿ ಅರ್ಧ ತೋಳಿಗಿಂತ ಹೆಚ್ಚು ಉಳಿಸದ ಬೆಂಕಿ ಮೂವರನ್ನು ಇಡಿಯಾಗಿ ಉಳಿಸಿತ್ತು.

ಉರಿ ಇಳಿಯಿತು. ನಡುವೆ ಫಕೀರವ್ವ ಇರಲಿಲ್ಲ. ಒಂದು ಹಿಡಿ ಬೂದಿ ಇತ್ತು.

"ಲೆಕ್ಕದಾಗ ಎಲ್ಲೋ ತಪ್ಪೈತ್ರಿ" ಎಂದ ಪ್ರಲ್ಹಾದ ನಿಯಂತ್ರಣ ಕೋಣೆಯಿಂದ. "ಬೆಂಕಿ ಬಿಟ್ಟವರಿಗೇ ಬೆಂಕಿ ಹತ್ತಾಂಗಿಲ್ಲ. ಅವರ ಮೈ ಅವರದೇ ಅಲ್ಲೇನು?"

ನಾಲ್ಕು ದಿನ ಅವನು ಲೆಕ್ಕ ಹುಡುಕಿದ. ನಾವು ಉಪಾಯ ಹುಡುಕಿದೆವು. ನೀಲವ್ವ ಗುರಾಣಿಯನ್ನು ಅಕ್ಕನ ಮೇಲೆ ಕವುಚಿ ನಿಂತಳು. ನಾನು ಬೇರಿನ ರಸವನ್ನು ಮೊದಲೇ ಕುಡಿಸಿದೆ. ಎಸೆದು ಓಡು ಎಂದ ಕಾಕಾ. ಅವಳು ಎಸೆದು ಓಡಿದಳು. ಪ್ರತಿ ಸಲವೂ ಉರಿ ನಮ್ಮನ್ನು ಬಳಸಿ ಹೋಗಿ, ಹುಡುಕಿಕೊಂಡಂತೆ ಹೋಗಿ, ಅವಳನ್ನು ಸುಟ್ಟಿತು. ಬಾವಿಯ ಹಗ್ಗದ ಮುಂದೆ ನಾವು ಮೂವರು ಬಂದು ನಿಲ್ಲುತ್ತಿದ್ದೆವು. ಹಗ್ಗ ಅಲುಗುತ್ತಿರಲಿಲ್ಲ.

"ಆಕಿಗೆ ತಾಗಬಾರದು ಅಂತ ಒಂದು ಸಾಲು ಬರದುಬಿಡ್ಲೇನ್ರಿ?" ಎಂದು ಪ್ರಲ್ಹಾದ ಕೇಳಿದ. ಡಾಕ್ಟರು ಬೇಡವೆಂದರು. ಎಲ್ಲರ ಮೈಗೆರೆಯನ್ನು ದೊಡ್ಡ ಪರದೆಯ ಮೇಲೆ ಹಾಕಿಸಿದರು.

ಮೈಗೆರೆ ನೀಲಿ ಮಂಜಿನಂತೆ ಕಾಣುತ್ತಿತ್ತು. ಕಾಕಾನದು ಮೈ ಸುತ್ತ ಗೇಣಗಲ. ಎಡತೋಳಿನ ಮೇಲೆ ಮಾತ್ರ ಆರು ಗುಂಡನೆಯ ಉಬ್ಬು. ನಲವತ್ತು ವರ್ಷ ಹೊತ್ತ ತಾಟುಗಳು! ಕಾಕಾ ಅದನ್ನು ನೋಡಿ, "ಯಾ ಅಲ್ಲಾ, ಮನಿಗೆ ಹೋದ್ರೂ ಇಳಿಸಿಲ್ಲೇನ್ ಇವನ್ನ" ಎಂದು ತೋಳು ಒರೆಸಿಕೊಂಡ.

ಫಕೀರವ್ವನ ಮಂಜು ಕೋಣೆಯಗಲ ಹರಡಿತ್ತು. ನನ್ನನ್ನು, ಕಾಕಾನನ್ನು ಮುಚ್ಚಿ, ನೀಲವ್ವನ ಹತ್ತಿರ ಹೆಪ್ಪುಗಟ್ಟಿತ್ತು. ಅವಳ ಬಲಗೈಯ ಮೇಲೆ ಬೆರಳ ತುದಿಯಿಂದ ಕುತ್ತಿಗೆಯ ತನಕ ಎಷ್ಟು ದಟ್ಟವಾಗಿತ್ತೆಂದರೆ ಯಾರೋ ಅಳತೆ ತೆಗೆದು ತೋಳು ಹೊಲಿದಂತಿತ್ತು. ಆ ಇಡೀ ಬೆಳಕಿನ ನಡುವೆ ಫಕೀರವ್ವ ಕೂತ ಜಾಗದಲ್ಲಿ ಮಾತ್ರ ಹೆಂಗಸಿನಾಕಾರದ ಕತ್ತಲೆ.

ಪರದೆಯ ಮೇಲೆ ಆ ನೀಲಿ ತೋಳನ್ನು ಮುಟ್ಟಿ ನೀಲವ್ವ ಕೇಳಿದಳು, "ಇದು ನನ್ನ ಕೈ ಏನ್ರಿ?"

"ಹೌದವ್ವಾ" ಎಂದರು ಡಾಕ್ಟರು.

"ಮತ್ತ ಅಕ್ಕ ಎಲ್ಲಿ ಇದರಾಗ?"

ಫಕೀರವ್ವ ಆ ಹೊತ್ತಿಗೆ ಒಲೆಗೆ ತಡವಾಯಿತೆಂದು ಹೊರಟುಹೋಗಿದ್ದಳು. ಡಾಕ್ಟರು ಪರದೆಯ ಆ ಕತ್ತಲೆಯನ್ನು ತೋರಿಸಿದರು. "ಯಂತ್ರದ ತಪ್ಪು ಇಲ್ಲ, ಪ್ರಲ್ಹಾದ. ಬೆಂಕಿ ಸರಿಯಾಗೇ ಓದೈತಿ. ಉಳಿಸಬೇಕಾದವರೊಳಗ ಆಕಿ ತನ್ನನ್ನ ಇಟಗೊಂಡಿಲ್ಲ."

"ಅಳಿಸಿ ಹೋದದ್ದನ್ನ ಮತ್ತ ಬರ್ಯಾಕ ಬರ್ತದೇನ್ರಿ?" ಎಂದಳು ನೀಲವ್ವ.

"ಬರ್ತದ. ಮೈಗೆ ತಾಗಿಯೂ ತಾಗದಂಗ ಏನರ ಸುಳೀತಿರಬೇಕು, ತಲಿಯಿಂದ ಕಾಲತನಕ. ಆಗ ಮಿದುಳಿಗೆ ಮೈ ನೆನಪಾಗ್ತದ. ನನಗ ಸಂಶೆ ಬಂದು ನಿನ್ನಿನ ಗರಿ ಹಿಡಕೊಂಡು ಮಾಡಾಕ ಹೋಗಿದ್ದೆ, ಆಕಿ ಕುಂದ್ರಲೇ ಇಲ್ಲ. ನನಗ್ಯಾಕ ಇದೆಲ್ಲ ಅಂತ ಎದ್ದು ಹ್ವಾದ್ಲು."

ನೀಲವ್ವ ಪರದೆಯನ್ನು ಇನ್ನೊಮ್ಮೆ ನೋಡಿ ರಸ್ತೆ ದಾಟಿದಳು.

ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಸಂಜೆ ಖಾನಾವಳಿ ಮುಚ್ಚಿ ನಾಲ್ವರೂ ಕೊನೆಯ ಆಟಕ್ಕೆ ಕೂತೆವು. ನೀಲವ್ವನ ಟ್ರಂಕು ಆಗಲೇ ಕಟ್ಟಿ ಜಗಲಿಯ ಮೇಲಿತ್ತು. ಫಕೀರವ್ವನ ಹಣೆಗೆ ಪಟ್ಟಿ ಬಿಗಿಯುತ್ತಿದ್ದಂತೆ ನೀಲವ್ವ ಸೆರಗಿನ ಗಂಟು ಬಿಚ್ಚಿದಳು. ಕಲ್ಲುಪ್ಪು, ಸಾಸಿವೆ, ಐದು ಒಣಮೆಣಸಿನಕಾಯಿ. ಸುಟ್ಟ ಬಲಗೈಯಲ್ಲಿ ಮುಷ್ಟಿ ಕಟ್ಟಿ ಅಕ್ಕನ ಮುಂದೆ ನಿಂತಳು.

"ಏನಿದು?" ಎಂದಳು ಫಕೀರವ್ವ.

"ನೆದರ ತಗೀತೇನಿ."

ಅಮಾವಾಸ್ಯೆಗೊಮ್ಮೆ ಹೀಗೆ ದೃಷ್ಟಿ ನಿವಾಳಿಸುವುದು ಫಕೀರವ್ವನ ಕೆಲಸವಾಗಿತ್ತು. ನೀಲವ್ವನಿಗೆ, ಕಾಕಾನಿಗೆ, ಉಣ್ಣಲು ಬರುವ ನಮಗೆ, ಕಾಕಾನ ಸೈಕಲ್ಲಿಗೆ, ಒಮ್ಮೆ ಕೇಳದೆಯೇ ನಮ್ಮ ಕಂಪ್ಯೂಟರುಗಳಿಗೂ ತೆಗೆದಿದ್ದಳು. ಅವಳಿಗೆ ತೆಗೆದವರನ್ನು ನಾವು ಕಂಡಿರಲಿಲ್ಲ.

"ಸಣ್ಣವ್ರು ದೊಡ್ಡವ್ರಿಗೆ ತಗೀಬಾರದ."

"ನಿನಗಿಂತ ದೊಡ್ಡವ್ರು ಯಾರ ಉಳದಾರ ನಮ್ಮ ಮನ್ಯಾಗ?"

"ನನಗ್ಯಾರ ನೆದರ ಹತ್ತತೈತಿ ಹುಚ್ಚಿ?"

"ನನ್ನ ನೆದರ ಹತ್ತೇತಿ. ಆರು ವರ್ಷ ಆ ಕಿಂಡ್ಯಾಗಿಂದ ನಿನ್ನ ಒಬ್ಬಾಕಿನ್ನ ನೋಡೇನಿ. ಈಗ ನಾ ಮಾತಾಡಂಗಿಲ್ಲ, ನೀನೂ ಎದ್ದು ಓಡಬ್ಯಾಡ. ಅರ್ಧಕ್ಕ ಬಿಟ್ರ ತಗದಾಕಿಗೆ ಕೇಡು."

ಕೊನೆಯ ಮಾತಿಗೆ ಫಕೀರವ್ವ ಕಂಬದಂತೆ ಕೂತಳು. ತಂಗಿಗೆ ಕೇಡು ಎಂದಮೇಲೆ ಅವಳು ಅಲುಗುವಂತಿರಲಿಲ್ಲ.

ನೀಲವ್ವನ ಮುಷ್ಟಿ ಅಕ್ಕನ ನೆತ್ತಿಯ ಮೇಲೆ ಸುತ್ತತೊಡಗಿತು. ತಾಗಿಯೂ ತಾಗದಂತೆ ಹಣೆ, ಕಿವಿ, ಭುಜ. ಪ್ರಲ್ಹಾದ ಕೋಣೆಯಿಂದ "ಡಾಕ್ಟರ್" ಎಂದ, ಬಹಳ ಮೆಲ್ಲಗೆ. ಪರದೆಯ ಕತ್ತಲೆಯ ಹೆಂಗಸಿಗೆ ನೆತ್ತಿಯಲ್ಲಿ ಒಂದು ನೀಲಿ ಎಳೆ ಮೂಡಿತ್ತು. ಎರಡನೆಯ ಸುತ್ತಿಗೆ ಹಣೆ ಬಂತು, ಮೂಗು ಬಂತು. ಮುಷ್ಟಿ ಎಡಕ್ಕೆ ಸುತ್ತಿದಾಗ ಎಡಭುಜ, ಬಲಕ್ಕೆ ಸುತ್ತಿದಾಗ ಬಲಭುಜ. ಎದೆ, ಹೊಟ್ಟೆ, ಮಡಿಲಲ್ಲಿ ಬಿಗಿಹಿಡಿದ ಎರಡು ಅಂಗೈ, ಮಂಡಿ. ನಸುಕಿನಲ್ಲಿ ಊರೊಂದು ಮನೆಮನೆಯಾಗಿ ಕಾಣತೊಡಗಿದ ಹಾಗಿತ್ತು. ಕೊನೆಗೆ ಮುಷ್ಟಿ ಪಾದದ ಹತ್ತಿರ ಇಳಿದಾಗ ಹತ್ತು ಬೆರಳು ಒಂದೊಂದಾಗಿ ಬೆಳಗಿದವು. ಡಾಕ್ಟರು ಪರದೆಯ ಮುಂದೆ ಕೈ ಕಟ್ಟಿ ನಿಂತಿದ್ದರು.

"ಆಟ ಹಚ್ಚು" ಎಂದರು ಆಮೇಲೆ. "ಈಗಲೇ."

ನೀಲವ್ವ ಮುಷ್ಟಿ ಬಿಚ್ಚದೆ, ಬಾಯಿ ಬಿಚ್ಚದೆ ಎಡಗೈಯಲ್ಲಿ ಗುರಾಣಿ ಹಿಡಿದಳು. ಮುಳ್ಳು ಎದ್ದಿತು. ಈ ಸಲ ಫಕೀರವ್ವ ನಮಗೆ ಹಿಂದೆ ಸರಿಯಲು ಹೇಳಲಿಲ್ಲ. ನಾಲ್ವರೂ ಮೈಗೆ ಮೈ ತಾಗಿ ನಿಂತಿದ್ದಾಗಲೇ ಮುಷ್ಟಿ ಬಿಚ್ಚಿದಳು.

ಬೆಂಕಿ ಬಂದು ನಮ್ಮ ಸುತ್ತ ಗೋಡೆಯಾಗಿ ಎದ್ದಿತು. ನಾವು ಅದರೊಳಗೆ, ದೀಪದ ಗಾಜಿನೊಳಗಿನ ಗಾಳಿಯಂತೆ, ನಿಶ್ಚಲ. ತಲೆಯೆತ್ತಿ ನೋಡಿದೆ. ನಾನು ಬರೆಯದೇ ಇದ್ದ ನಕ್ಷತ್ರಗಳು ಕಂಡವು. ಅವು ಮೇಲೇರಿದ ಕಿಡಿಗಳು ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಉರಿ ಇಳಿದಾಗ ಬೂದಿಯ ಬಯಲಿನಲ್ಲಿ ನಾಲ್ಕು ಜೊತೆ ಕಾಲು ನಿಂತಿದ್ದವು. ಫಕೀರವ್ವ ತನ್ನ ಕಾಲನ್ನು ಬಗ್ಗಿ ನೋಡಿಕೊಂಡಳು, ಬೇರೆಯವರದೇನೋ ಎಂಬಂತೆ. ನಾಲ್ವರೂ ಹಗ್ಗ ಜಗ್ಗಿದೆವು. ನೀರು ಬಂತು.

ಕನ್ನಡಕ ತೆಗೆದ ಮೇಲೂ ನೀಲವ್ವ ಮಾತಾಡಲಿಲ್ಲ. ಮುಷ್ಟಿಯನ್ನು ಎದೆಗೆ ಹಿಡಿದು ಬಾಗಿಲ ಕಡೆ ನಡೆದಳು.

"ಎಲ್ಲಿಗೆ ಹೊಂಟಳು?" ಎಂದು ಪ್ರಲ್ಹಾದ ಕೇಳಿದ.

"ಆ ಉಪ್ಪು ಮೆಣಸಿನಕಾಯಿ ಬೆಂಕಿಗೆ ಬೀಳೂತನಕ ಆಕಿ ಮುಷ್ಟಿ ಬಿಚ್ಚಂಗಿಲ್ಲ, ಮಾತಾಡಂಗಿಲ್ಲ, ಹಿಂದ ತಿರುಗಿ ನೋಡಂಗಿಲ್ಲ" ಎಂದ ಕಾಕಾ. "ನಿಮ್ಮ ಬೆಂಕ್ಯಾಗ ಹಾಕಾಕ ಬರಂಗಿಲ್ಲಲ್ಲ, ಸಾಹೇಬ್ರ."

ಫಕೀರವ್ವ ಎದ್ದು ತಂಗಿಯ ಹಿಂದೆ ಓಡಿದಳು. ನಾವೂ ಓಡಿದೆವು.

ಅಡುಗೆಮನೆಯ ಒಲೆ ಆರಿತ್ತು. ನೀಲವ್ವ ಒಲೆಯ ಬಲಗಡೆ, ಆರು ವರ್ಷದ ಹಿಂದೆ ನಿಂತಿದ್ದ ಜಾಗದಲ್ಲಿ, ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಿದ್ದಳು.

"ಎಲ್ಲಾರೂ ಹೊರಗ..." ಎಂದು ಶುರುಮಾಡಿದಳು ಫಕೀರವ್ವ. ತಂಗಿ ಏಳಲಿಲ್ಲ. ಬಯ್ಯೋಣವೆಂದರೆ ಅವಳು ಉತ್ತರ ಕೊಡುವಂತಿಲ್ಲ. ಎಳೆದು ಹಾಕೋಣವೆಂದರೆ ಮುಷ್ಟಿ ಬಿಚ್ಚೀತು. ಹಾಗೇ ಬಿಡೋಣವೆಂದರೆ ನಿವಾಳಿಸಿದ್ದು ಅರ್ಧಕ್ಕೆ ನಿಂತು ಅವಳಿಗೇ ಕೇಡು. ಫಕೀರವ್ವ ಕಡ್ಡಿಪೆಟ್ಟಿಗೆ ಹಿಡಿದು ಬಹಳ ಹೊತ್ತು ನಿಂತಳು. ಗೀರಿದ ಮೊದಲ ಕಡ್ಡಿ ಬೆರಳ ತನಕ ಉರಿದು ಆರಿತು. ಎರಡನೆಯದೂ ಆರಿತು. ಮೂರನೆಯದನ್ನು ಕಟ್ಟಿಗೆಯ ಚಿಪಾಟಿಯ ಕೆಳಗೆ ಹಿಡಿದಳು.

ಒಲೆ ಹತ್ತಿತು. ನೀಲವ್ವ ಮುಷ್ಟಿಯಲ್ಲಿದ್ದದ್ದನ್ನು ಉರಿಗೆ ಎಸೆದಳು.

ಕಲ್ಲುಪ್ಪು ಚಟಚಟನೆ ಸಿಡಿಯಿತು. ಕಿಡಿ ಹಾರಿತು. ಫಕೀರವ್ವನ ಎರಡೂ ಕೈ ಮಿಂಚಿನಂತೆ ಎದ್ದವು: ಒಂದು ತಂಗಿಯ ಕುತ್ತಿಗೆಯ ಮುಂದೆ, ಒಂದು ತನ್ನ ಮುಖದ ಮುಂದೆ. ತಲೆಪಟ್ಟಿ ಈಗ ಅವಳ ಹಣೆಯಲ್ಲಿರಲಿಲ್ಲ. ಬಾಗಿಲಲ್ಲಿ ನಿಂತ ಡಾಕ್ಟರು ಆ ಎರಡನೆಯ ಕೈಯನ್ನೇ ನೋಡುತ್ತಿದ್ದರು.

ಮೆಣಸಿನಕಾಯಿಯ ಘಾಟಿಗೆ ನಾವೆಲ್ಲ ಕೆಮ್ಮತೊಡಗಿದೆವು. "ಘಾಟು ಬಂತಂದ್ರ ನೆದರ ಇರಲೇ ಇಲ್ಲ ಬಿಡ್ರಿ" ಎಂದ ಕಾಕಾ, ಕಣ್ಣೊರೆಸುತ್ತ.

ನೀಲವ್ವ ಕೈಕಾಲು ತೊಳೆದು ಬಂದು ಮತ್ತೆ ಅಲ್ಲೇ ಕೂತಳು. ಫಕೀರವ್ವ ಅವಳನ್ನು ನೋಡಿದಳು, ಒಲೆ ನೋಡಿದಳು. ಹಂಚು ಇಟ್ಟಳು. ಜೋಳದ ಹಿಟ್ಟಿಗೆ ಬಿಸಿನೀರು ಸುರಿದು ನಾದಿದಳು. ಬಡಿದಳು. ಆ ಸಪ್ಪಳ ಅಡುಗೆಮನೆಯ ಒಳಗಿನಿಂದ ಕೇಳಿ ಬಂದದ್ದು ನನಗೆ ಅದೇ ಮೊದಲ ಸಲ. ಹಂಚಿನ ಮೇಲೆ ಹಾಕಿ, ಒದ್ದೆ ಅರಿವೆಯಿಂದ ನೀರು ಸವರಿ, ತಿರುವಿ, ಕೆಂಡದ ಮಗ್ಗುಲಿಗೆ ನಿಲ್ಲಿಸಿದಳು. ರೊಟ್ಟಿ ಒಂದು ಕ್ಷಣ ಯೋಚಿಸಿತು. ಅಂಚಿನಿಂದ ಉಸಿರು ತುಂಬಿಕೊಳ್ಳುತ್ತ ತುಂಬಿಕೊಳ್ಳುತ್ತ ಪೂರ್ತಿ ಉಬ್ಬಿ ನಿಂತಿತು.

ನೀಲವ್ವ ಬಲಗೈ ಚಾಚಿದಳು.

"ಬಿಸಿ ಐತಿ" ಎಂದಳು ಫಕೀರವ್ವ.

"ಹಾಕ."

ಫಕೀರವ್ವ ಹಾಕಿದಳು.